ಲಸಿಕೆ ತಡವಾಗುವುದೇಕೆ? ಇನ್ನೂರು ವರ್ಷಗಳ ಒಂದು ಕಥೆ



ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಅವರ ತೋಳನ್ನು ಒಮ್ಮೆ ನೋಡಿ. ಅಲ್ಲಿ ಕಾಸಿನಗಲದ ಒಂದೆರಡು ಹಳೆಯ ಕಲೆಗಳು ಕಾಣಬಹುದು. ಅದೇನೆಂದು ಕೇಳಿದರೆ ಒಬ್ಬರು "ದಾಕು ಹಾಕಿದ್ದು" ಎಂದಾರು, ಇನ್ನೊಬ್ಬರು "ದೇವಿ ಹಾಕಿದ್ದು" ಎಂದಾರು. ಅವು ಸಿಡುಬು ಬಾರದಂತೆ ಹಾಕಿದ ಲಸಿಕೆಯ ಗುರುತುಗಳು. ಈಗ ಇನ್ನೊಂದು ಪ್ರಶ್ನೆ ಕೇಳಿ: "ಹಾಕಿದಾಗ ನಿಮಗೆ ಎಷ್ಟು ವಯಸ್ಸು?" ಅನೇಕರು ವಯಸ್ಸು ಹೇಳುವುದಿಲ್ಲ, ಕಥೆ ಹೇಳುತ್ತಾರೆ. ದಾಕು ಹಾಕುವವರು ಊರಿಗೆ ಬಂದರೆಂದು ಕೇಳಿ ಹಿತ್ತಿಲ ಬಾಗಿಲಿನಿಂದ ಓಡಿದ್ದು, ಹುಲ್ಲಿನ ಬಣವೆಯ ಹಿಂದೆ ಅಡಗಿದ್ದು, ಕೊನೆಗೆ ಸಿಕ್ಕಿಬಿದ್ದು ಅತ್ತದ್ದು.

ಕಥೆ ಕೇಳಿ ನೀವು ನಗಬಹುದು. ಆದರೆ ಚರಿತ್ರೆಯ ವಿದ್ಯಾರ್ಥಿಯಾಗಿ ಅದರಲ್ಲಿರುವ ಸಾಕ್ಷ್ಯವನ್ನೂ ಗಮನಿಸಬೇಕು. ಓಡಿ ಅಡಗುವ ಮಗು ಎಳೆಯ ಕೂಸಲ್ಲ. ಆ ದಿನ ನೆನಪಿನಲ್ಲಿ ಉಳಿದಿದೆಯೆಂದರೆ ಆಗ ಮಗುವಿಗೆ ನಾಲ್ಕೈದು ವರ್ಷವಾದರೂ ಆಗಿತ್ತು. ಅದು ಎರಡನೆಯ ಸಲದ ಲಸಿಕೆಯಾಗಿದ್ದಿರಬಹುದು. ಮೊದಲನೆಯದೇ ಆಗಿದ್ದರೆ, ಹುಟ್ಟಿದ ವರ್ಷದಲ್ಲಿ ಸಿಗಬೇಕಾಗಿದ್ದ ರಕ್ಷಣೆ ಆ ಮಗುವಿಗೆ ಅಷ್ಟು ತಡವಾಗಿ ಸಿಕ್ಕಿತೆಂದು ಅರ್ಥ. ನಡುವಿನ ವರ್ಷಗಳನ್ನು ಅದು ಅದೃಷ್ಟದ ಬಲದಿಂದ ಕಳೆಯಿತು. ಅದೃಷ್ಟವಿಲ್ಲದ ಮಕ್ಕಳು ಕಥೆ ಹೇಳಲು ಉಳಿಯಲಿಲ್ಲ.

ಎಳೆಯ ಮಕ್ಕಳಿಗೆ ಲಸಿಕೆ ತಡವಾಗುವುದೇಕೆ? "ತಾಯಂದಿರ ಅಜ್ಞಾನ" ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ. ಈ ಉತ್ತರ ಎಷ್ಟು ಸರಿ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರೀಕ್ಷಿಸೋಣ.

ಸಮಯಕ್ಕೆ ಏಕಿಷ್ಟು ಬೆಲೆ?

ಮೊದಲು ಒಂದು ಸಂದೇಹ ನಿವಾರಿಸಿಕೊಳ್ಳೋಣ. ಎಂದಾದರೊಂದು ದಿನ ಹಾಕಿಸಿದರಾಯಿತಲ್ಲ, ಒಂದೆರಡು ತಿಂಗಳು ತಡವಾದರೆ ಏನು ನಷ್ಟ ಎಂದು ನೀವು ಕೇಳಬಹುದು.

ಲಸಿಕೆಯ ವೇಳಾಪಟ್ಟಿ ರೋಗದ ನಡವಳಿಕೆಯನ್ನು ನೋಡಿ ಮಾಡಿದ್ದು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ತಗಲಬಹುದು. ಹಾಗೆ ತಗಲಿದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ. ಆದುದರಿಂದಲೇ ಅದರ ಮೊದಲ ಚುಚ್ಚುಮದ್ದನ್ನು ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕು. ನಾಯಿಕೆಮ್ಮು ಅತ್ಯಂತ ಕ್ರೂರವಾಗುವುದು ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ; ಆದುದರಿಂದ ಅದರ ಲಸಿಕೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಬರುತ್ತದೆ.

ದಡಾರದ ವಿಷಯ ಇನ್ನೂ ಸ್ವಾರಸ್ಯಕರ. ತಾಯಿಯ ದೇಹದಿಂದ ಬಂದ ರಕ್ಷಕ ವಸ್ತುಗಳು ಹುಟ್ಟಿದ ಮಗುವನ್ನು ಕೆಲವು ತಿಂಗಳು ಕಾಯುತ್ತವೆ. ಅವು ಇರುವಾಗ ಲಸಿಕೆ ಹಾಕಿದರೆ ಅದು ಸರಿಯಾಗಿ ನಾಟುವುದಿಲ್ಲ. ಅವು ಕರಗಿದ ಮೇಲೆ ಲಸಿಕೆ ಬಾರದಿದ್ದರೆ ಮಗುವಿಗೆ ಯಾವ ಕಾವಲೂ ಇಲ್ಲ. ಈ ಎರಡು ಅಪಾಯಗಳ ನಡುವೆ ನಮ್ಮ ದೇಶದಲ್ಲಿ ಆರಿಸಿಕೊಂಡ ಸಮಯ ಒಂಬತ್ತು ತಿಂಗಳು ತುಂಬಿದ ಕೂಡಲೇ. ಬಿತ್ತನೆಗೆ ಹದ ಇರುವಂತೆ ಲಸಿಕೆಗೂ ಒಂದು ಹದ ಇದೆ ಎಂದರೆ ನಿಮಗೆ ಅರ್ಥವಾದೀತು.

ಆರು ವರ್ಷ ನಡೆದು ಬಂದ ಲಸಿಕೆ

ಇನ್ನು ಚರಿತ್ರೆಗೆ ಬರೋಣ. 1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುವಿನ ಸಿಡುಬು ತಗಲಿದ ಹಾಲು ಕರೆಯುವ ಹೆಂಗಸಿನ ಕೈಯ ಗುಳ್ಳೆಯಿಂದ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಚ್ಚಿದ. ಮುಂದೆ ಆ ಹುಡುಗನಿಗೆ ಸಿಡುಬು ತಗಲಲಿಲ್ಲ. 'ಲಸಿಕೆ' ಎಂಬ ನಮ್ಮ ಮಾತಿಗೂ ದೇಹದ ರಸ ಎಂಬುದೇ ಮೂಲಾರ್ಥ.

ಆ ರಸ ಭಾರತಕ್ಕೆ ಬಂದದ್ದು 1802ರಲ್ಲಿ. ಆರು ವರ್ಷ ಏಕೆ ಬೇಕಾಯಿತು? ಬಿಸಿಲಿಗೆ ರಸ ಸತ್ತುಹೋಗುತ್ತಿತ್ತು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿರಲಿಲ್ಲ, ವಿದ್ಯುತ್ತಿರಲಿಲ್ಲ. ರಸವನ್ನು ಜೀವಂತವಾಗಿಡಲು ನೆಚ್ಚಬಹುದಾದ ದಾರಿ ಮನುಷ್ಯರ ತೋಳು ಮಾತ್ರ. ಒಬ್ಬರಿಗೆ ಹಾಕಿ, ಸುಮಾರು ಎಂಟನೆಯ ದಿನ ಏಳುವ ಗುಳ್ಳೆಯಿಂದ ರಸ ತೆಗೆದು ಮತ್ತೊಬ್ಬರಿಗೆ ಹಾಕಬೇಕು. ಹೀಗೆ ಯೂರೋಪಿನಿಂದ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬಂದ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಲಾಯಿತು. ಅವಳ ತೋಳಿನಿಂದ ಹೊರಟ ರಸವೇ ದೇಶದ ಇತರ ಊರುಗಳನ್ನು ತಲಪಿತು. ಚರಿತ್ರೆಯ ಪುಸ್ತಕಗಳಲ್ಲಿ ರಾಜರ ಹೆಸರುಗಳ ನಡುವೆ ಈ ಮಗುವಿಗೂ ಒಂದು ಸಾಲು ಸಲ್ಲಬೇಕು.

ಮೈಸೂರು ಅರಮನೆಯ ಚಿತ್ರ

ಲಸಿಕೆ ಬಂದರೂ ಜನ ಕೂಡಲೇ ತೋಳು ಚಾಚಲಿಲ್ಲ. ಅದಕ್ಕೆ ಕಾರಣಗಳಿದ್ದವು. ಭಾರತದ ಕೆಲವು ಭಾಗಗಳಲ್ಲಿ, ವಿಶೇಷವಾಗಿ ಬಂಗಾಳದಲ್ಲಿ, ಸಿಡುಬಿನ ಗುಳ್ಳೆಯ ವಸ್ತುವನ್ನೇ ಆರೋಗ್ಯವಂತರ ಚರ್ಮಕ್ಕೆ ಹಚ್ಚಿ ಹಗುರವಾದ ಸಿಡುಬು ಬರಿಸುವ ಪದ್ಧತಿ ಮೊದಲೇ ಇತ್ತು. ಅದನ್ನು ಮಾಡುವವರನ್ನು ಟೀಕಾದಾರರು ಎನ್ನುತ್ತಿದ್ದರು. ಅದು ಪೂಜೆ, ಪಥ್ಯ, ನಂಬಿಕೆಗಳೊಡನೆ ಬೆರೆತಿದ್ದ ಕ್ರಮ. ಹೊಸ ಲಸಿಕೆಯಲ್ಲಾದರೋ ಯಾರದೋ ಮಗುವಿನ ತೋಳಿನ ರಸ ನಮ್ಮ ಮಗುವಿನ ಮೈಗೆ ಬರುತ್ತಿತ್ತು. ಜಾತಿ ಮಡಿಗಳ ಸಮಾಜ ಅದಕ್ಕೆ ಹಿಂಜರಿದದ್ದು ಆಶ್ಚರ್ಯವಲ್ಲ. ಅಷ್ಟೇ ಅಲ್ಲ, ಎಂಟನೆಯ ದಿನ ಮತ್ತೆ ಕರೆತಂದು, ಅಳುವ ಮಗುವಿನ ಗುಳ್ಳೆಯನ್ನು ಒಡೆದು ರಸ ತೆಗೆಯಲು ಯಾವ ತಾಯಿ ಸುಲಭವಾಗಿ ಒಪ್ಪಿಯಾಳು?

ಇಲ್ಲಿ ನಮ್ಮ ಮೈಸೂರಿನ ಹೆಸರು ಬರುತ್ತದೆ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗಲೇ ಪಟ್ಟಕ್ಕೆ ಬಂದರು. ದಿವಾನ್ ಪೂರ್ಣಯ್ಯನವರು ಆಡಳಿತ ನೋಡಿಕೊಳ್ಳುತ್ತಿದ್ದರು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಅರಮನೆಯ ಮೂವರು ಸ್ತ್ರೀಯರ ತೈಲಚಿತ್ರ ಬರೆದ. ಅದರಲ್ಲಿ ಒಬ್ಬ ಕಿರಿಯ ರಾಣಿ ಸೀರೆಯ ಸೆರಗನ್ನು ಸರಿಸಿ ಎಡತೋಳನ್ನು ತೋರಿಸುವಂತೆ ನಿಂತಿದ್ದಾಳೆ. ಅವಳು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು, ಜನರಲ್ಲಿ ಧೈರ್ಯ ತುಂಬಲು ಬರೆಸಿದ ಚಿತ್ರವಿದು ಎಂಬುದು ಇತ್ತೀಚಿನ ಒಬ್ಬ ಇತಿಹಾಸಕಾರರ ವಿವರಣೆ. ಪೂರ್ಣ ಖಚಿತವೆನ್ನಲಾಗದಿದ್ದರೂ ಬಹಳ ಮಂದಿ ಒಪ್ಪಿರುವ ವಿವರಣೆ ಇದು. ಗದರಿಕೆಗಿಂತ ನಂಬಿಕಸ್ಥರ ತೋಳು ಹೆಚ್ಚು ಮಾತಾಡುತ್ತದೆ ಎಂಬ ಪಾಠ ಅಷ್ಟು ಹಳೆಯದು.

ಕಾಯ್ದೆಯಿದೆ, ಪಟ್ಟಿಯಿಲ್ಲ

ಇಂಗ್ಲೆಂಡಿನಲ್ಲಿ 1853ರ ಕಾಯ್ದೆ ಹುಟ್ಟಿದ ಮೂರು ತಿಂಗಳೊಳಗೆ ಮಗುವಿಗೆ ಲಸಿಕೆ ಹಾಕಿಸಬೇಕೆಂದು ವಿಧಿಸಿತು. ಬ್ರಿಟಿಷ್ ಭಾರತದಲ್ಲಿ 1880ರ ಲಸಿಕೆ ಕಾಯ್ದೆ ಬಂತು. ಆದರೆ ಅದು ತಾನಾಗಿ ಎಲ್ಲೆಡೆ ಜಾರಿಗೆ ಬರಲಿಲ್ಲ; ಅದನ್ನು ಅನ್ವಯಿಸಿಕೊಂಡ ಪಟ್ಟಣಗಳು ಮತ್ತು ದಂಡುಪ್ರದೇಶಗಳಿಗೆ ಮಾತ್ರ ಅದು ಸಂಬಂಧಿಸಿತ್ತು. ಹಳ್ಳಿಗಳು ಹೊರಗುಳಿದವು.

ಇನ್ನೂ ದೊಡ್ಡ ತೊಡಕೊಂದಿತ್ತು. ಊರಿನಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಯಾವ ದಿನ ಹುಟ್ಟಿದರು ಎಂಬ ಸರಿಯಾದ ಪಟ್ಟಿಯೇ ಇರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮೇಲೆ ಲಸಿಕೆ ತಡವಾಯಿತೆಂದು ಹೇಳುವುದಾದರೂ ಹೇಗೆ? ಇದು ಬಹಳ ಹಿಂದಿನ ಮಾತೇನೂ ಅಲ್ಲ. ನಿಮ್ಮ ತಾತಂದಿರ ಶಾಲಾ ದಾಖಲೆ ನೋಡಿ. ಅನೇಕರ ಜನ್ಮದಿನ ಜೂನ್ 1! ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ತಾರೀಖು ಅದು. ಇಡೀ ದೇಶಕ್ಕೆ ಒಂದೇ ಬಗೆಯ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ.

ಮೂರನೆಯ ತೊಡಕು ಹವಾಮಾನ. ಬೇಸಗೆಯಲ್ಲಿ ರಸ ಕೆಡುತ್ತಿದ್ದುದರಿಂದ ಹಲವು ಪ್ರಾಂತಗಳಲ್ಲಿ ಲಸಿಕೆ ಹಾಕುವ ಕೆಲಸ ಚಳಿಗಾಲದ ತಿಂಗಳುಗಳಿಗೆ ಸೀಮಿತವಾಗಿತ್ತು. ಯುಗಾದಿಯ ಹೊತ್ತಿಗೆ ಹುಟ್ಟಿದ ಮಗು ದೀಪಾವಳಿಯವರೆಗೂ ಕಾಯಬೇಕು. ಆ ವರ್ಷ ಲಸಿಕೆ ಹಾಕುವವನು ಊರಿಗೆ ಬಾರದಿದ್ದರೆ ಇನ್ನೊಂದು ವರ್ಷ. ಇಲ್ಲಿ ತಾಯಿಯ ತಪ್ಪೇನಿದೆ?

ಕರುಗಳ ಚರ್ಮದಲ್ಲಿ ಲಸಿಕೆ ಬೆಳೆಸಿ, ಗ್ಲಿಸರಿನ್ ಬೆರೆಸಿ ಇಡುವ ವಿಧಾನ ಬಂದ ಮೇಲೆ ತೋಳಿನಿಂದ ತೋಳಿಗೆ ಹಾಕುವ ಪದ್ಧತಿ ನಿಂತಿತು. ಬೆಳಗಾವಿಯಲ್ಲಿ ಅಂತಹ ಲಸಿಕೆ ತಯಾರಿಸುವ ಸಂಸ್ಥೆಯೊಂದಿತ್ತು. ಆ ಊರಿನ 'ವ್ಯಾಕ್ಸಿನ್ ಡಿಪೋ' ಎಂಬ ಸ್ಥಳನಾಮ ಇಂದಿಗೂ ಅದನ್ನು ನೆನಪಿಸುತ್ತದೆ. ಮುಂದೆ ಒಣಗಿಸಿ ಪುಡಿಯಾಗಿಸಿದ ಲಸಿಕೆ ಬಂತು. ಅದು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಒಂದು ತಿಂಗಳು ಕೆಡುತ್ತಿರಲಿಲ್ಲ. ಆಗ ಬೇಸಗೆಯ ಅಡ್ಡಿ ಕಳೆಯಿತು. 1962ರಲ್ಲಿ ಭಾರತ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬಿನ ಪ್ರಕರಣಗಳು ಕಂಡವು. 1980ರ ಮೇ 8ರಂದು ಜಗತ್ತೇ ಸಿಡುಬುಮುಕ್ತವಾಯಿತೆಂದು ಘೋಷಿಸಲಾಯಿತು.

ಮನೆಬಾಗಿಲಿಗೆ ಬಂದ ಹನಿ

ಸಿಡುಬು ಹೋಯಿತು, ಆದರೆ ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ ಉಳಿದವು. 1978ರಲ್ಲಿ ಭಾರತದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾಯಿತು. ಅದು ಹೆಚ್ಚಾಗಿ ಪಟ್ಟಣಗಳ ಆಸ್ಪತ್ರೆಗಳನ್ನು ನೆಚ್ಚಿಕೊಂಡಿತ್ತು. 1985ರ ನವೆಂಬರ್ 19ರಂದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂದು, ಆಯ್ದ ಜಿಲ್ಲೆಗಳಿಂದ ಆರಂಭವಾಗಿ 1990ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ದಡಾರದ ಲಸಿಕೆ ಸೇರಿದ್ದೂ ಆಗಲೇ. ಲಸಿಕೆಯನ್ನು ಕಾರ್ಖಾನೆಯಿಂದ ಹಳ್ಳಿಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡುವ ಶೀತಲ ಸರಪಳಿ ಊರೂರಿಗೆ ಬಂತು. ಭುಜಕ್ಕೆ ನೀಲಿ ಪೆಟ್ಟಿಗೆ ಹಾಕಿಕೊಂಡು ಬಸ್ಸಿನಿಂದಿಳಿದು ಹೊಲದ ಬದುವಿನ ಮೇಲೆ ನಡೆದು ಬರುವ ಆರೋಗ್ಯ ಸಹಾಯಕಿಯನ್ನು ನೀವು ನೋಡಿರಬಹುದು. ಆನಾ ಡಸ್ಟ್‌ಹಾಲಳ ತೋಳು ಮಾಡಿದ ಕೆಲಸವನ್ನು ಈಗ ಆ ಪೆಟ್ಟಿಗೆಯ ಮಂಜುಗಡ್ಡೆ ಮಾಡುತ್ತದೆ.

1995ರ ಡಿಸೆಂಬರ್ 9ರಂದು ದೇಶಾದ್ಯಂತ ಪಲ್ಸ್ ಪೋಲಿಯೊ ದಿನ ನಡೆಯಿತು. ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳೆಲ್ಲ ಬೂತುಗಳಾದವು. ಮುಂದೆ ಕಾರ್ಯಕರ್ತರು ಮನೆಮನೆಗೂ ಹೋದರು. ಇಟ್ಟಿಗೆ ಭಟ್ಟಿ, ಕಟ್ಟಡದ ಜೋಪಡಿ, ಜಾತ್ರೆ, ಯಾವುದನ್ನೂ ಬಿಡಲಿಲ್ಲ. ಹನಿ ಬಿದ್ದ ಮಗುವಿನ ಬೆರಳಿಗೆ ಶಾಯಿಯ ಗುರುತು. ನೋಡಿ ಬಂದ ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಮಗುವೊಂದರಲ್ಲಿ ಕಂಡದ್ದೇ ದೇಶದ ಕೊನೆಯ ವನ್ಯ ಪೋಲಿಯೊ. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ತಾಯಂದಿರು ಬರಲಿಲ್ಲವೆಂದು ದೂರದೆ ಹನಿಯೇ ತಾಯಂದಿರ ಬಳಿ ಹೋದುದರ ಫಲ ಇದು.

ಈಗಲೂ ತಡವಾಗುವುದೇಕೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 12ರಿಂದ 23 ತಿಂಗಳ ಮಕ್ಕಳಲ್ಲಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರು 1992–93ರಲ್ಲಿ ದೇಶದಲ್ಲಿ 100ಕ್ಕೆ ಸುಮಾರು 35. 2019–21ರಲ್ಲಿ ಇದು ದೇಶದಲ್ಲಿ 100ಕ್ಕೆ 76ಕ್ಕೂ ಕರ್ನಾಟಕದಲ್ಲಿ 84ಕ್ಕೂ ಏರಿತು. ಇದು ದೊಡ್ಡ ಸಾಧನೆಯೇ ಸರಿ. ಆದರೆ ಒಂದು ಮಾತು ಗಮನಿಸಿ. ಈ ಅಂಕಿ ಲಸಿಕೆ ಸಿಕ್ಕಿತೇ ಎಂದು ಹೇಳುತ್ತದೆಯೇ ಹೊರತು ಯಾವಾಗ ಸಿಕ್ಕಿತೆಂದು ಹೇಳುವುದಿಲ್ಲ. ಒಂಬತ್ತನೆಯ ತಿಂಗಳಿಗೆ ದಡಾರದ ಲಸಿಕೆ ಪಡೆದ ಮಗುವೂ ಹದಿನೈದನೆಯ ತಿಂಗಳಿಗೆ ಪಡೆದ ಮಗುವೂ ಈ ಲೆಕ್ಕದಲ್ಲಿ ಸಮಾನರು. ನಡುವಿನ ಆರು ತಿಂಗಳ ಅಪಾಯ ಅಂಕಿಯೊಳಗೆ ಅಡಗಿಬಿಡುತ್ತದೆ.

ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ತಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೆರಿಗೆಯಾದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಲಸಿಕೆಗಳು ಸಿಕ್ಕಿದವು. ಆರನೆಯ ವಾರಕ್ಕೆ ಮತ್ತೆ ಹೋಗಬೇಕು. ಆದರೆ ಬಾಣಂತಿಯನ್ನೂ ಹಸುಗೂಸನ್ನೂ ಗಾಳಿಗೆ ಒಡ್ಡಬಾರದೆಂದು ಮನೆಯ ಹಿರಿಯರು ತಡೆದರು. ಎಂಟನೆಯ ವಾರ ಹೊರಟಾಗ ಮಗುವಿಗೆ ಸಣ್ಣ ನೆಗಡಿ. "ವಾಸಿಯಾಗಲಿ" ಎಂದು ಯಾರೋ ಹೇಳಿದರು. ವಾಸ್ತವದಲ್ಲಿ ಸಣ್ಣ ನೆಗಡಿ ಕೆಮ್ಮು ಲಸಿಕೆಗೆ ಅಡ್ಡಿಯಲ್ಲ. ಹನ್ನೊಂದನೆಯ ವಾರ ಲಸಿಕೆ ಹಾಕಿಸಿದರು. ರಾತ್ರಿ ಜ್ವರ ಬಂತು, ತೊಡೆ ಊದಿತು. ಇದು ನಿರೀಕ್ಷಿತವೆಂದು ಯಾರೂ ಮೊದಲೇ ತಿಳಿಸಿರಲಿಲ್ಲ, ಮನೆಯವರು ಹೆದರಿದರು. ಐದನೆಯ ತಿಂಗಳಿಗೆ ತಾಯಿ ಗಂಡನ ಊರಿಗೆ ಹೋದಳು. ಕಾರ್ಡು ತವರಿನಲ್ಲೇ ಉಳಿಯಿತು. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಯಾದಗಿರಿಯ ಹಳ್ಳಿಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದರು. ಇಲ್ಲಿ ಲಸಿಕೆ ಹಾಕುವುದು ವಾರದ ಗೊತ್ತಾದ ಒಂದು ದಿನ. ಆ ದಿನ ಹೋದರೆ ಕೂಲಿ ಇಲ್ಲ. ಒಂಬತ್ತನೆಯ ತಿಂಗಳು ಬಂದು ಹೋಯಿತು.

ಈ ಕಥೆಯಲ್ಲಿ ಯಾರಾದರೂ "ಲಸಿಕೆ ಬೇಡ" ಎಂದರೇ? ಯಾರೂ ಇಲ್ಲ. ಪ್ರತಿಯೊಂದು ವಿಳಂಬವೂ ಚಿಕ್ಕದು, ಪ್ರತಿಯೊಂದಕ್ಕೂ ಒಂದು ಕಾರಣವಿತ್ತು. ಎಲ್ಲವೂ ಕೂಡಿ ಮಗುವನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ನಿಲ್ಲಿಸಿದವು.

ಆಸ್ಪತ್ರೆಯ ಕಡೆಯಿಂದಲೂ ವಿಳಂಬ ಆಗುವುದುಂಟು. ಬಿಸಿಜಿ ಲಸಿಕೆಯ ಒಂದು ಸೀಸೆ ಹತ್ತು ಮಕ್ಕಳಿಗೆ ಸಾಕಾಗುವಂಥದು. ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬಂದದ್ದು ಒಂದೇ ಮಗುವಾದರೆ ಒಂಬತ್ತು ಪಾಲು ವ್ಯರ್ಥವಾಗುವುದೆಂದು "ಮುಂದಿನ ವಾರ ಬನ್ನಿ" ಎಂದು ಕಳುಹಿಸುವ ಆಸೆ ಸಿಬ್ಬಂದಿಗೆ ಆಗುತ್ತದೆ. ಹತ್ತು ಮೈಲಿ ನಡೆದು ಬಂದ ತಾಯಿ ಮುಂದಿನ ವಾರ ಬರುತ್ತಾಳೆಂಬ ಭರವಸೆ ಎಲ್ಲಿದೆ? ಚೆಲ್ಲಿದ ಲಸಿಕೆಯ ಬೆಲೆ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ; ಹಿಂದಿರುಗಿದ ಮಗುವಿನ ಬೆಲೆ ಕಾಣುವುದಿಲ್ಲ.

ವದಂತಿಯ ಪಾತ್ರವೂ ಇದೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಮೊದಲಾಯಿತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಅದನ್ನು ಹಾಕಲಾಯಿತು. ನಿಮ್ಮಲ್ಲಿ ಕೆಲವರು ಶಾಲೆಯ ಸಾಲಿನಲ್ಲಿ ನಿಂತದ್ದು ನೆನಪಿರಬಹುದು. ಆಗ ಮೊಬೈಲ್ ಫೋನುಗಳಲ್ಲಿ ಹರಿದ ಸುಳ್ಳು ಸುದ್ದಿಗಳಿಂದ ಅನೇಕ ತಂದೆತಾಯಂದಿರು ಹಿಂದೆಗೆದರು. ಅವರನ್ನು ಒಪ್ಪಿಸಿದ್ದು ಬಹಳ ಕಡೆ ಪರಿಚಿತ ಶಿಕ್ಷಕರು, ವೈದ್ಯರು, ಆಶಾ ಕಾರ್ಯಕರ್ತೆಯರು. ಮೈಸೂರಿನ ರಾಣಿಯ ತೋಳಿನ ಪಾಠವೇ ಇಲ್ಲೂ ಕೆಲಸ ಮಾಡಿತು.

ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದನ್ನು 2020 ತೋರಿಸಿತು. ಕೊರೋನಾ ಕಾಲದಲ್ಲಿ ಮಕ್ಕಳ ಲಸಿಕಾ ಶಿಬಿರಗಳು ಹಲವೆಡೆ ನಿಂತವು, ಕುಟುಂಬಗಳು ಊರು ಬಿಟ್ಟವು. 2022ರ ಕೊನೆಯಲ್ಲಿ ಮುಂಬಯಿಯ ಇಕ್ಕಟ್ಟಾದ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. 1802ರಲ್ಲಿ ದೇಶಕ್ಕೆ ಮೊದಲ ಲಸಿಕೆ ಬಂದ ಊರು ಅದೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ನೀವೇನು ಮಾಡಬಹುದು?

ಇನ್ನೂರು ವರ್ಷಗಳ ಈ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಲಸಿಕೆ ತಡವಾದಾಗಲೆಲ್ಲ ದೂರು ತಾಯಿಯ ಮೇಲೆ ಬಂದಿದೆ. ಆದರೆ ವಿಳಂಬ ಕಡಮೆಯಾದದ್ದು ತಾಯಿಯನ್ನು ಗದರಿದಾಗ ಅಲ್ಲ, ದಾರಿಯನ್ನು ಸರಿಪಡಿಸಿದಾಗ. ಬಿಸಿಲಿಗೆ ಕೆಡದ ಲಸಿಕೆ ಬಂದಾಗ, ಜನನದ ಪಟ್ಟಿ ಸಿದ್ಧವಾದಾಗ, ನೀಲಿ ಪೆಟ್ಟಿಗೆ ಹಳ್ಳಿಗೆ ನಡೆದು ಬಂದಾಗ, ಹನಿ ಜೋಪಡಿಯ ಬಾಗಿಲು ತಟ್ಟಿದಾಗ.

ಇಂದು ಉಳಿದಿರುವ ಕೊಂಡಿಗಳಲ್ಲಿ ಒಂದನ್ನು ನೀವೇ ಸರಿಪಡಿಸಬಲ್ಲಿರಿ. ಮನೆಯಲ್ಲೋ ನೆರೆಯಲ್ಲೋ ಎಳೆಯ ಮಗುವಿದ್ದರೆ ಅದರ ತಾಯಿ ಕಾರ್ಡನ್ನು ಕೇಳಿ ಓದಿ. ಮುಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಕ್ಕ ತವರಿನಿಂದ ಹೊರಡುವಾಗ ಬಾಣಂತಿ ಲೇಹ್ಯದ ಡಬ್ಬಿಯ ಜೊತೆಗೆ ಆ ಕಾರ್ಡೂ ಹೋಗಲಿ. ದಿನ ಮೀರಿದ್ದರೆ "ಇನ್ನೇನು ಪ್ರಯೋಜನ" ಎಂದು ಕೈಬಿಡಬೇಡಿ. ನಡುವೆ ಅಂತರ ಬಿದ್ದರೂ ಲಸಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಯಾವುದನ್ನು ಯಾವ ವಯಸ್ಸಿನವರೆಗೆ ಹಾಕಬಹುದೆಂದು ಆರೋಗ್ಯ ಕೇಂದ್ರದಲ್ಲಿ ತಿಳಿಸುತ್ತಾರೆ. ತಡವಾದದ್ದು ತಪ್ಪಿಹೋದದ್ದಲ್ಲ.

ಯೋಚಿಸಿ, ಮಾಡಿ ನೋಡಿ

1. ನಿಮ್ಮ ಮನೆಯ ಹಿರಿಯರಿಂದ ದಾಕು ಹಾಕಿಸಿಕೊಂಡ ನೆನಪನ್ನು ಕೇಳಿ ಬರೆದುಕೊಳ್ಳಿ. ಆಗ ಅವರ ವಯಸ್ಸು ಎಷ್ಟಿತ್ತೆಂದು ಲೆಕ್ಕ ಹಾಕಿ.

2. ನಿಮ್ಮ ಬೀದಿಯ ಒಂದು ಮಗುವಿನ ಕಾರ್ಡಿನಲ್ಲಿ ಲಸಿಕೆ ಹಾಕಬೇಕಾಗಿದ್ದ ದಿನ ಮತ್ತು ಹಾಕಿದ ದಿನಗಳನ್ನು ಮನೆಯವರ ಒಪ್ಪಿಗೆ ಪಡೆದು ಹೋಲಿಸಿ. ಅಂತರವಿದ್ದರೆ ಕಾರಣ ಕೇಳಿ. ಕೇಳುವಾಗ ದನಿಯಲ್ಲಿ ಆಕ್ಷೇಪಣೆ ಇರದಿರಲಿ.

3. ವಾರದಲ್ಲಿ ಒಂದೇ ದಿನ, ಕೂಲಿಯ ವೇಳೆಯಲ್ಲೇ ಲಸಿಕೆ ಹಾಕಿದರೆ ಯಾರಿಗೆ ತೊಂದರೆ? ಬೇರೆ ಯಾವ ವ್ಯವಸ್ಥೆ ಸಾಧ್ಯ? ತರಗತಿಯಲ್ಲಿ ಚರ್ಚಿಸಿ.